ಜಾಂಬೆಜಿಗೆ ಬಿಟ್ಟ ಮೊರ

ಆ ಭಾನುವಾರ ಬೆಳಿಗ್ಗೆ ಜರ್ಮನಿಯ ಆಖೆನ್ ಪಟ್ಟಣದ ಮೇಲೆ ಮಂಜು ಕೂತಿತ್ತು. ಇಗರ್ಜಿಯ ಗಂಟೆ ಕೇಳಿಸುತ್ತಿತ್ತು, ಇಗರ್ಜಿ ಕಾಣುತ್ತಿರಲಿಲ್ಲ. ಎದುರು ಮನೆಯ ಬಾಲ್ಕನಿಯ ಕೆಂಪು ಹೂಕುಂಡಗಳು ಯಾರೋ ಹೆಸರು ಹಿಡಿದು ಕರೆದ ಹಾಗೆ ಒಂದೊಂದಾಗಿ ಬೆಳಕಿಗೆ ಬರುತ್ತಿದ್ದವು. ಎಪ್ಪತ್ನಾಲ್ಕನೆಯ ಇಸವಿಯ ಸೆಪ್ಟೆಂಬರ್. ಗೌರಿ ಹಬ್ಬಕ್ಕೆ ಇನ್ನು ಹತ್ತು ದಿನ. ಮೂರನೆಯ ಮಹಡಿಯ ಅಡಿಗೆಮನೆಯಲ್ಲಿ ವೈದೇಹಿ ಸ್ಟೀಲು ತಟ್ಟೆಯ ಮೇಲೆ ಅಕ್ಕಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದಳು. ಈ ದೇಶದ ಅಕ್ಕಿಯಲ್ಲಿ ಕಲ್ಲಿರುವುದಿಲ್ಲವೆಂದು ಹತ್ತು ವರ್ಷದಿಂದ ಗೊತ್ತಿತ್ತು, ಆದರೂ ಆರಿಸುತ್ತಿದ್ದಳು. ಕೈ ಆ ಕೆಲಸದಲ್ಲಿರುವಾಗ ಬಾಯಿ ದೇವರ ಹೆಸರು ಹೇಳುವುದು ತಿರುಮಕೂಡಲಿನ ತಾಯಿಮನೆಯಿಂದ ಬಂದ ಅಭ್ಯಾಸ. ಕಲ್ಲಿಲ್ಲವೆಂದು ಅದನ್ನು ಬಿಡಲಾಗುತ್ತದೆಯೇ?

ಮಧ್ಯಾಹ್ನ ಊಟಕ್ಕೆ ಮುಬಿತಾ ಬರುವವನಿದ್ದ.

ಮುಬಿತಾ ಜಾಂಬಿಯಾ ದೇಶದವನು. ವೈದೇಹಿಯ ಗಂಡ ತಿರುಮಲೇಶ ಆಖೆನ್‌ನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ನದಿಗಳ ಹರಿವಿನ ಶಾಸ್ತ್ರ ಕಲಿಸುವ ಮೇಷ್ಟ್ರು. ಮೂರು ವರ್ಷದ ಹಿಂದೆ ಜಾಂಬೆಜಿ ನದಿಯ ಹರಿವು ಅಳೆಯಲು ಹೋದಾಗ ಹೆಂಡತಿ ಮಗಳನ್ನೂ ಕರೆದುಕೊಂಡು ಹೋಗಿ ಐದು ತಿಂಗಳು ಅಲ್ಲೇ ಬಿಡಾರ ಮಾಡಿದ್ದ. ಆಗ ಅವರಿಗೆ ದೋಣಿ ನಡೆಸುತ್ತಿದ್ದವನು, ದಂಡೆಯ ಗುರುತುಕೋಲಿನಲ್ಲಿ ನೀರು ಎಷ್ಟು ಏರಿತು ಎಷ್ಟು ಇಳಿಯಿತು ಎಂದು ದಿನಕ್ಕೆರಡು ಸಲ ಬರೆದಿಡುತ್ತಿದ್ದವನು ಮುಬಿತಾ. ಈಗ ಅವನ ಸರ್ಕಾರವೇ ಅವನನ್ನು ಜರ್ಮನಿಗೆ ತರಬೇತಿಗೆ ಕಳಿಸಿತ್ತು. ಎರಡೂವರೆ ತಿಂಗಳು ಉತ್ತರದ ಒಂದು ಬಂದರಿನಲ್ಲಿ ಕಳೆದು, ಕೊನೆಯ ಹತ್ತು ದಿನಕ್ಕೆ ಆಖೆನ್‌ಗೆ ಬಂದಿಳಿದಿದ್ದ.

ಊಟಕ್ಕೆ ಕೂತವನು ಚಮಚ ಫೋರ್ಕುಗಳನ್ನು ಬದಿಗೆ ಸರಿಸಿದ. ಎದ್ದು ಹೋಗಿ ಕೈ ತೊಳೆದು ಬಂದ. ಹುಳಿಯನ್ನದ ತುತ್ತನ್ನು ಮುಷ್ಟಿಯಲ್ಲಿ ಹದ ಮಾಡಿ ಬಾಯಿಗಿಟ್ಟು ಕಣ್ಣು ಮುಚ್ಚಿದ.

"ಮೇಡಂ, ಆ ಮುಳ್ಳಿನ ಚಮಚದಲ್ಲಿ ಇಷ್ಟು ದಿನ ತಿಂದದ್ದು ಎಲ್ಲಿ ಹೋಯ್ತು ಅಂತ ನನ್ನ ಹೊಟ್ಟೆಗೇ ಗೊತ್ತಿಲ್ಲ," ಎಂದ. ಅವರ ನಡುವಿನ ಮಾತೆಲ್ಲ ಇಂಗ್ಲಿಷಿನಲ್ಲಿ; ನಗು ಮಾತ್ರ ಅವರವರ ಭಾಷೆಯಲ್ಲಿ.

"ಇನ್ನೊಂದು ಸೌಟು ಹಾಕೇ. ಜಾಂಬೆಜಿಗೆ ಹುಟ್ಟು ಹಾಕೋ ಕೈ ಅದು," ಎಂದ ತಿರುಮಲೇಶ.

ಹನ್ನೊಂದು ವರ್ಷದ ಮಗಳು ಶಾಮಲಾ ತಟ್ಟೆ ಬಿಟ್ಟು ಮುಬಿತಾನ ಮುಖವನ್ನೇ ನೋಡುತ್ತಿದ್ದಳು. "ಅಂಕಲ್, ಆ ನೀರಾನೆ ಕಥೆ. ಅಮ್ಮ ಬಾಗಿನ ಬಿಟ್ಟಾಗ ಆಗಿದ್ದು."

"ನಿಮ್ಮಮ್ಮನ ಬಾಯಲ್ಲಿ ನೂರು ಸಲ ಕೇಳಿದೀಯಲ್ಲೇ."

"ಅಪ್ಪಾ, ಅಮ್ಮ ಹೇಳಿದ್ರೆ ನೀರಾನೆ ಕೈ ಮುಗಿಯತ್ತೆ. ನಂಗೆ ನಿಜವಾದ್ದು ಬೇಕು."

"ಮೊದಲು ಊಟ ಮಾಡು," ಎಂದಳು ವೈದೇಹಿ.

"ಯಾ, ಯಾ, ಅಮ್ಮಾ." ಜರ್ಮನ್ ಭಾಷೆಯಲ್ಲಿ ಒಪ್ಪಿದರೆ ಅದು ಒಪ್ಪಿದ ಲೆಕ್ಕಕ್ಕೆ ಬರುವುದಿಲ್ಲ ಎಂಬುದು ಆ ಮಗುವಿನ ನಂಬಿಕೆ.

ಆ ಕಥೆ ಹೀಗಿತ್ತು.

ಸೆನಂಗ ಎಂಬ ಊರಿನ ಹತ್ತಿರ ಜಾಂಬೆಜಿಯ ದಂಡೆಯಲ್ಲಿ ನಿಂತರೆ ಆಚೆ ದಂಡೆಯ ಹಸು ಆಡಿನಷ್ಟು ಕಾಣುತ್ತದೆ. ಮಳೆ ಬಂದಾಗ ಊರೂರನ್ನೇ ಎಬ್ಬಿಸಿ ದಿಬ್ಬಕ್ಕೆ ಕಳಿಸುವ ನೀರು ಆಗಸ್ಟ್ ಹೊತ್ತಿಗೆ ಇಳಿದು, ನಡುನಡುವೆ ಬಿಳಿಯ ಮರಳ ದಿಣ್ಣೆಗಳನ್ನು ಬಿಟ್ಟುಕೊಡುತ್ತದೆ. ಹೋದ ಮೊದಲ ದಿನ ಬೆಳಿಗ್ಗೆ ವೈದೇಹಿ ನೀರಿನೆದುರು ನಿಂತು, ಸ್ನಾನಕ್ಕೆ ಮುಂಚೆ ಏಳು ನದಿಗಳನ್ನು ಕರೆಯುವ ಶ್ಲೋಕ ಹೇಳಿದಳು. ಹೇಳಿ ಮುಗಿಸಿದ ಮೇಲೆ ಒಂದು ಗಳಿಗೆ ಯೋಚಿಸಿ, ಎಂಟನೆಯ ಹೆಸರಾಗಿ ಜಾಂಬೆಜಿಯನ್ನು ಸೇರಿಸಿದಳು. ಕಣ್ಣೆದುರಿಗೆ ಇಷ್ಟು ದೊಡ್ಡ ತಾಯಿ ಹರಿಯುತ್ತಿರುವಾಗ ದೂರದಲ್ಲಿರುವವರನ್ನು ಮಾತ್ರ ಕರೆಯುವುದು ಅವಳಿಗೆ ಸರಿಕಾಣಲಿಲ್ಲ.

ಭಾನುವಾರ ಬಂದರೆ ಎರಡು ಸಂಸಾರವೂ ದೋಣಿ ಹತ್ತುತ್ತಿದ್ದವು. ಮುಬಿತಾ, ಅವನ ಹೆಂಡತಿ ನಮುಕೋಲೋ, ಅವರ ಇಬ್ಬರು ಹೆಣ್ಣುಮಕ್ಕಳು ಒಂದು ಕಡೆ. ಮೊಸರನ್ನದ ಡಬ್ಬಿ ಹಿಡಿದ ಇವರು ಮೂವರು ಇನ್ನೊಂದು ಕಡೆ. ದಿಣ್ಣೆಯ ಮೇಲೆ ಮಕ್ಕಳು ಮರಳಲ್ಲಿ ಮನೆ ಕಟ್ಟುತ್ತಿದ್ದರು. ಮೊಸಳೆಯ ಭಯಕ್ಕೆ ತೆಳುನೀರಿನಲ್ಲಿ ಗೂಟ ನೆಟ್ಟು ಬೇಲಿ ಮಾಡಿದ್ದ ಒಂದು ಜಾಗದಲ್ಲಿ ಎಲ್ಲರೂ ಮುಳುಗು ಹಾಕುತ್ತಿದ್ದರು. ತಿರುಮಲೇಶ ರಜೆಯ ದಿನವೂ ನೀರಿನ ವೇಗ ಅಳೆಯುವ ಯಂತ್ರ ಇಳಿಬಿಡುತ್ತಿದ್ದ. ನಮುಕೋಲೋಗೆ ಇಂಗ್ಲಿಷ್ ಬಾರದು, ವೈದೇಹಿಗೆ ಅವಳ ಲೋಜಿ ಭಾಷೆ ಬಾರದು. ಆದರೂ ಇಬ್ಬರೂ ಬಟ್ಟೆ ಹಿಂಡುತ್ತ, ತಲೆ ಬಾಚುತ್ತ, ಗಂಡಂದಿರ ಕಡೆ ಕಣ್ಣು ತೋರಿಸಿ ನಗುತ್ತ ಇಡೀ ದಿನ ಕಳೆಯುತ್ತಿದ್ದರು.

ಒಂದು ಸಂಜೆ ಹಿಂದಿರುಗುವಾಗ ಆನೆಗಳ ಹಿಂಡು ನದಿ ದಾಟಲು ಇಳಿಯಿತು. ಮುಬಿತಾ ಮಾತಿಲ್ಲದೆ ದೋಣಿಯನ್ನು ಜೊಂಡಿನೊಳಗೆ ನುಗ್ಗಿಸಿ, ಎಲ್ಲರಿಗೂ ತಲೆ ತಗ್ಗಿಸಲು ಸನ್ನೆ ಮಾಡಿದ. ಹಿರಿಯಾನೆಗಳು ಹತ್ತು ಮಾರು ದೂರದಲ್ಲಿ, ಕಪ್ಪು ಬಂಡೆಗಳು ತೇಲಿದಂತೆ ಹಾದುಹೋದವು. ಅವುಗಳ ನಡುವೆ ಮರಿಯ ಸೊಂಡಿಲು ಮಾತ್ರ ನೀರಿನ ಮೇಲೆ ನೆಟ್ಟಗೆ ನಿಂತು ಸಾಗಿತು. ಉಸಿರು ಬಿಟ್ಟಮೇಲೆ ತಿರುಮಲೇಶ, "ಈ ವರ್ಷ ಗೌರಿಗಿಂತ ಮೊದಲೇ ಗಣಪತಿ ಬಂದುಬಿಟ್ಟ," ಎಂದ.

ಆ ಮಾತಿನಿಂದಲೇ ವೈದೇಹಿಗೆ ಹಬ್ಬ ಹತ್ತಿರವಾದದ್ದು ನೆನಪಾಯಿತು. ಗೌರಿಯನ್ನು ದಿಣ್ಣೆಯ ಬಿಳಿ ಮರಳಿನಲ್ಲೇ ಮಾಡಬಹುದು. ಬಾಗಿನವನ್ನು ಹೊಳೆಗೇ ಕೊಡಬಹುದು. ಅಕ್ಕಿ, ಬೇಳೆ, ಬೆಲ್ಲ ಪೆಟ್ಟಿಗೆಯಲ್ಲಿದ್ದವು. ಬಳೆ ತನ್ನ ಕೈಯದು, ಬಾಚಣಿಗೆ ಮಗಳದು, ಕನ್ನಡಿ ಗಂಡ ಗಡ್ಡ ಮಾಡಿಕೊಳ್ಳುವುದು. ಆದರೆ ಎಲ್ಲವನ್ನೂ ತುಂಬಿ, ಒಂದರ ಮೇಲೊಂದು ಮುಚ್ಚಿ ಕೊಡಬೇಕಾದ ಜೋಡಿ ಮೊರ?

ವೈದೇಹಿ ನಮುಕೋಲೋಳ ಗುಡಿಸಲಿಗೆ ಹೋಗಿ, ಎರಡು ಬೆರಳು ತೋರಿಸಿ, ಗಾಳಿಯಲ್ಲಿ ಕೇರಿ ತೋರಿಸಿದಳು. ನಮುಕೋಲೋ ಒಳಗೆ ಹೋಗಿ ಎರಡು ಮೊರ ತಂದಳು. ಯಾವುದೋ ಗಿಡದ ಬೇರನ್ನು ಸೀಳಿ ನೇಯ್ದದ್ದು. ಅಂಚಿನಲ್ಲಿ ಕಪ್ಪು ಬಣ್ಣದ ಒಂದು ಎಳೆ ಸುತ್ತ ಓಡಿತ್ತು. ಅವುಗಳನ್ನು ಎರಡೂ ಕೈಯಲ್ಲಿ ಹಿಡಿದು, ಮಂಡಿ ಬಗ್ಗಿಸಿ, ತಲೆ ತಗ್ಗಿಸಿ ಕೊಟ್ಟಳು. ವೈದೇಹಿಯ ಕಣ್ಣು ತುಂಬಿತು. ಹಬ್ಬದ ಹಿಂದಿನ ದಿನ ಹೆಣ್ಣುಮಗಳೊಬ್ಬಳು ಮಂಡಿ ಬಗ್ಗಿಸಿ ಜೋಡಿ ಮೊರ ಕೊಟ್ಟರೆ, ಕೊಟ್ಟಳು ಎಂದಲ್ಲದೆ ಇನ್ನೇನು ಅರ್ಥ? ಬಾಗಿನದ ಮೊರವನ್ನು ಎರವಲು ಕೊಡುವವರೂ ಇಲ್ಲ, ಕೇಳುವವರೂ ಇಲ್ಲ.

ಮರುದಿನ ದಂಡೆಯಲ್ಲೇ ಮರಳ ಗೌರಿಗೆ ಪೂಜೆಯಾಯಿತು. ಅರಿಸಿನ ಹಚ್ಚಿದ ಮೊರಗಳನ್ನು ಮುಚ್ಚಿ, ಸೆರಗು ಹಿಡಿದು, ವೈದೇಹಿ ಬಾಗಿನವನ್ನು ಜಾಂಬೆಜಿಗೆ ಬಿಟ್ಟಳು. ಅದು ಹತ್ತು ಮಾರು ಹೋಗಿ, ಸುಳಿಯಲ್ಲಿ ತಿರುಗಿ, ಬಿಚ್ಚಿಕೊಂಡಿತು. ಮೇಲಿನ ಮೊರ ಒಂದು ದಾರಿ, ತುಂಬಿದ ಮೊರ ಒಂದು ದಾರಿ. ಬಲೆ ರಿಪೇರಿ ಮಾಡುತ್ತ ಕೂತಿದ್ದ ಮುಬಿತಾ ತಲೆ ಎತ್ತಿದವನೇ ಕೂಗಿ ಎದ್ದ. ಕೊರೆದ ಮರದ ತನ್ನ ಸಣ್ಣ ದೋಣಿಗೆ ಹಾರಿ, ಅವುಗಳ ಹಿಂದೆ ಬಿದ್ದ. ತುಂಬಿದ ಮೊರ ನೀರಾನೆಗಳ ಮಡುವಿಗೇ ಹೋಯಿತು. ಅಲ್ಲಿ ಒಂದು ನೀರಾನೆ ಬುಸ್ಸೆಂದು ಎದ್ದಿತು. ಮೊರ ಅದರ ಬೆನ್ನ ಮೇಲೆ ಒಂದು ಕ್ಷಣ, ಪೀಠದ ಮೇಲಿಟ್ಟ ಹಾಗೆ, ಕೂತಿತ್ತು. ಆಮೇಲೆ ಮೊರವೂ ಇಲ್ಲ, ನೀರಾನೆಯೂ ಇಲ್ಲ. ಮುಬಿತಾನ ದೋಣಿ ಇನ್ನೇನು ಮಗುಚಿತು ಎನ್ನುವಷ್ಟು ವಾಲಿ ನೆಟ್ಟಗಾಯಿತು. ಉಳಿದ ಖಾಲಿ ಮೊರವನ್ನು ಕೋಲಿನಿಂದ ಎಳೆದುಕೊಂಡು, ಮೈಯೆಲ್ಲ ನೀರಾಗಿ, ಗೆದ್ದವನ ಹಾಗೆ ಬಂದು ವೈದೇಹಿಯ ಕೈಗಿಟ್ಟ.

ಕೊಟ್ಟದ್ದನ್ನು ಗಂಗೆಯಿಂದ ಕಸಿದುಕೊಂಡಂತಾಯಿತಲ್ಲ ಎಂದು ವೈದೇಹಿಗೆ ಅನ್ನಿಸಿತು. ತಪ್ಪಾಯಿತೆಂದು ಗಲ್ಲ ಬಡಿದುಕೊಂಡು, ಎಲ್ಲರೂ ನೋಡುತ್ತಿದ್ದಂತೆ ಆ ಮೊರವನ್ನೂ ತಿರುಗಿ ಹರಿಯುವ ನೀರಿಗೆ ಬಿಟ್ಟಳು. ದಂಡೆಯ ಮೇಲೆ ನಿಂತಿದ್ದ ನಮುಕೋಲೋ ಒಂದು ಮಾತು ಹೇಳಿ ಗುಡಿಸಲಿನ ಕಡೆ ನಡೆದಳು. ಹರಸಿದಳು ಎಂದುಕೊಂಡಳು ವೈದೇಹಿ. ಮೂರು ವರ್ಷವೂ ಹಾಗೆಯೇ ಅಂದುಕೊಂಡಿದ್ದಳು. ಆಖೆನ್‌ಗೆ ಬರುವ ಕನ್ನಡದ ಹೆಂಗಸರಿಗೆಲ್ಲ, "ಎರಡೂ ಕೈಯಲ್ಲಿ ಕೊಟ್ಟಳು ಕಣ್ರೀ, ಪುಣ್ಯಾತ್ಗಿತ್ತಿ," ಎಂದು ಹೇಳಿ ಮುಗಿಸುತ್ತಿದ್ದಳು.

"ಅದಾದ ಮೇಲೆ ಮೂರು ವಾರ ನಾನು ಬಕೆಟ್ಟಿನ ನೀರಲ್ಲಿ ಮುಖ ನೋಡಿ ಗಡ್ಡ ಮಾಡ್ಕೊಂಡೆ. ಅದನ್ನ ಯಾರೂ ಹೇಳಲ್ಲ," ಎಂದ ತಿರುಮಲೇಶ. ಶಾಮಲಾ ಬಿದ್ದು ಬಿದ್ದು ನಕ್ಕಳು. ಮುಬಿತಾನೂ ನಕ್ಕ.

"ಮೇಡಂ ಕೈಜಾರಿ ಬಿಟ್ಟರು ಅಂತ ತಿಳಿದು ಹೋದೆ ನಾನು. ಇಲ್ಲದಿದ್ದರೆ ಆ ಮಡುವಿಗೆ ಯಾರು ಹೋಗ್ತಾರೆ? ನಮುಕೋಲೋ ಅವ್ವ ನೇಯ್ದ ಮೊರ ಅದು. ಮದುವೆಯಾಗಿ ನದಿ ದಾಟಿ ನಮ್ಮ ಮನೆಗೆ ಬಂದ ದಿನ ತಲೆ ಮೇಲೆ ಹೊತ್ತುಕೊಂಡು ಬಂದಿದ್ದಳು."

ವೈದೇಹಿಯ ಕೈಯಲ್ಲಿದ್ದ ಸೌಟು ನಿಂತಿತು. "ಅವಳು ನನಗೆ ಕೊಟ್ಟಿದ್ದಲ್ವಾ? ಎರಡೂ ಕೈಯಲ್ಲಿ, ಮಂಡಿ ಬಗ್ಗಿಸಿ..."

"ನಮ್ಮವರು ಬೆಂಕಿಪೊಟ್ಟಣ ಕೊಡುವಾಗಲೂ ಹಾಗೇ ಕೊಡೋದು, ಮೇಡಂ. ಅತಿಥಿಗೆ ಒಂದು ಕೈಯಲ್ಲಿ ಏನನ್ನೂ ಕೊಡಲ್ಲ. ಅಕ್ಕಿ ಕೇರಿ ವಾಪಸ್ ತರ್ತೀರಿ ಅಂದುಕೊಂಡಿದ್ದಳು."

"ಮತ್ತೆ ದಂಡೆ ಮೇಲೆ ನಿಂತು ಏನೋ ಹೇಳಿದಳಲ್ಲ?"

"ಅತಿಥಿ ನದಿಗೆ ಉಣಿಸಿದಾಳೆ, ನದಿ ಉಣ್ಣಲಿ ಬಿಡು ಅಂದಳು ನನಗೆ." ಮುಬಿತಾ ಮಜ್ಜಿಗೆಯ ಲೋಟ ಎತ್ತಿಕೊಂಡ. "ಈಗಲೂ ಅತ್ತಿಗೆ ಹತ್ತಿರ ಕೇಳಿ ತಂದು ಕೇರುತಾಳೆ. ನಮುಕೋಲೋನೂ ನೇಯಬಲ್ಲಳು. ಅವ್ವನ ಕೈಯಂಥದ್ದು ಬರಲ್ಲ ಅಂತ ಕೂತೇ ಇಲ್ಲ. ಹೆಂಗಸರ ಹಟ."

ಅವನು ದೂರುತ್ತಿರಲಿಲ್ಲ, ಉಂಡ ಸಂತೋಷದಲ್ಲಿ ಹೇಳಿದ ಮಾತು. ಆದರೆ ಅವನು ಹೋದಮೇಲೆ ವೈದೇಹಿ ಪಾತ್ರೆ ತೊಳೆಯಲು ಏಳಲಿಲ್ಲ. ಕುರ್ಚಿಯಲ್ಲಿ ಕೂತು ಬೀರುವಿನ ತಲೆಯ ಮೇಲೆ ನೋಡುತ್ತಿದ್ದಳು. ಅಲ್ಲಿ, ಹಳೆಯ ಸೀರೆಯೊಂದರಲ್ಲಿ ಸುತ್ತಿದ ಜೋಡಿ ಮೊರವಿತ್ತು. ಹತ್ತು ವರ್ಷದ ಹಿಂದೆ ಹಡಗು ಹತ್ತುವ ಮುಂಚಿನ ಗೌರಿ ಹಬ್ಬದಲ್ಲಿ ಅವಳ ತಾಯಿ ಕೊಟ್ಟ ಕೊನೆಯ ಬಾಗಿನದ್ದು. ಎರಡು ವರ್ಷ ಕಳೆದು ತಾಯಿ ತೀರಿಕೊಂಡ ತಂತಿ ಬಂದಾಗ, ತಬ್ಬಿಕೊಂಡು ಅಳುವುದಕ್ಕೆ ಈ ದೇಶದಲ್ಲಿ ಅವಳಿಗೆ ಸಿಕ್ಕ ತವರುಮನೆ ಅಷ್ಟೇ ಆಗಿತ್ತು.

"ನದಿಗೆ ಕೊಟ್ಟೆ. ಪುಣ್ಯ ಬಂತಲ್ಲ, ಬಿಡು," ಎಂದ ತಿರುಮಲೇಶ.

"ಇನ್ನೊಬ್ಬಳ ತವರನ್ನ ತೇಲಿಬಿಟ್ಟು ಬರೋ ಪುಣ್ಯ ಎಂಥದ್ರೀ?"

"ಹಾಗಾದರೆ ಒಂದು ಒಳ್ಳೇ ಸೀರೆ ಕಳಿಸೋಣ. ಇಲ್ಲಾ ಆ ಹೊಸ ಪ್ರೆಷರ್ ಕುಕ್ಕರ್."

"ಮೊರ ತೊಗೊಂಡಿದ್ದೀನಿ. ಮೊರಾನೇ ಕೊಡಬೇಕು. ಹದಿನೆಂಟಕ್ಕೆ ಅವನ ರೈಲು. ಅಷ್ಟರೊಳಗೆ." ಹದಿನೆಂಟು ಗೌರಿ ಹಬ್ಬದ ದಿನವೇ ಆಗಿತ್ತು.

ಮಾರನೆಯ ದಿನ ತನ್ನ ಒಂದು ಮೊರವನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದಳು. ಹಳೆಯ ಪೇಟೆಯ ಓಣಿಯಲ್ಲಿ ಪೆಲ್ಟ್ಸರ್ ಎಂಬ ಮುದುಕ ಬೆತ್ತದ ಬುಟ್ಟಿ ಹೆಣೆಯುತ್ತಿದ್ದ. ಅವನು ಮೊರವನ್ನು ತಿರುಗಿಸಿ ಮುರುಗಿಸಿ ನೋಡಿ, ಕನ್ನಡಕ ಹಣೆಗೇರಿಸಿದ.

"ಫ್ರಾವ್, ಇದಕ್ಕೆ ಒಂದು ಕಡೆ ಗೋಡೆಯೇ ಇಲ್ಲವಲ್ಲ. ಹಾಕಿದ ಸಾಮಾನು ಬಿದ್ದುಹೋಗುತ್ತೆ."

"ಬೀಳಲಿ ಅಂತಲೇ ಇರೋದು."

"ಐವತ್ತು ವರ್ಷದಿಂದ ಬೀಳಬಾರದು ಅಂತ ಹೆಣೀತಾ ಇದ್ದೀನಿ ನಾನು!"

ಅವಳಿಗಿದ್ದ ಜರ್ಮನ್ ಅಲ್ಲಿಗೆ ಮುಗಿಯಿತು. ನೆಲದ ಮೇಲೆ ಬಿದ್ದಿದ್ದ ಸಿಪ್ಪೆ, ಚೂರುಗಳನ್ನು ಬಾಚಿ ಮೊರಕ್ಕೆ ಹಾಕಿಕೊಂಡು ಕೇರಿದಳು. ಹಗುರವಾದ ಸಿಪ್ಪೆ ಮುಂದೆ ಹಾರಿ ಬಿತ್ತು, ಗಟ್ಟಿ ಚೂರು ಹಿಂದೆ ಉಳಿಯಿತು. ಮುದುಕ ಇನ್ನೊಮ್ಮೆ ಮಾಡು ಎಂದ. ಮತ್ತೊಮ್ಮೆ ಎಂದ. ಆಮೇಲೆ ತಾನೇ ಇಸಕೊಂಡು ಕೇರಲು ಹೋಗಿ, ಎಲ್ಲವನ್ನೂ ತನ್ನ ಗಡ್ಡದ ಮೇಲೇ ಚೆಲ್ಲಿಕೊಂಡು, ಮಕ್ಕಳ ಹಾಗೆ ನಕ್ಕ.

"ಮಾಡಿಕೊಡ್ತೀನಿ. ಒಂದು. ಎರಡಕ್ಕೆ ನನ್ನ ಬೆರಳು ಒಪ್ಪಲ್ಲ. ಶನಿವಾರ ಬನ್ನಿ."

ಶನಿವಾರ ತಂದ ಮೊರ ಆಕಾರದಲ್ಲಿ ಮೊರವೇ. ಆದರೆ ಬೆತ್ತದ ನಡುವೆ ಸಂದು. ಅಕ್ಕಿ ಹಾಕಿದರೆ ಅರ್ಧ ಕೆಳಗೆ. "ಇದು ಜರಡಿ ಆಯ್ತಲ್ಲಮ್ಮ," ಎಂದಳು ಶಾಮಲಾ. ವೈದೇಹಿ ಡಬ್ಬಿಯಿಂದ ಮೆಂತ್ಯ ತೆಗೆದು ನೆನೆಹಾಕಿದಳು. ಪಕ್ಕದ ಬಕೆಟ್ಟಿನಲ್ಲಿ ಕಾಗದ ಹರಿದು ನೆನೆಹಾಕಿದಳು. ಊರಿನಲ್ಲಿ ಮೊರ ಸಡಿಲಾದರೆ ತಾಯಿ ಹೀಗೇ ಎರಡನ್ನೂ ಅರೆದು ಬಳಿಯುತ್ತಿದ್ದರು.

ಭಾನುವಾರ ಬೆಳಿಗ್ಗೆ ತಿರುಮಲೇಶ ಮನೆಯೆಲ್ಲ ಹುಡುಕಿದ. "ಎಲ್ಲೇ ನಿನ್ನೆ ಪೇಪರು? ನಾನಿನ್ನೂ ಓದೇ ಇಲ್ಲ."

"ಅರೆದಾಯ್ತು."

"ಅರೆದಾಯ್ತಾ!"

"ಅಪ್ಪ, ಈಗ ಓದು. ಇಲ್ಲಿ ಅರ್ಧ ತಲೆ ಕಾಣ್ತಿದೆ, ಯಾರೋ ಮಂತ್ರಿದು," ಎಂದು ಶಾಮಲಾ ಬಳಿದ ಮೊರವನ್ನು ತೋರಿಸಿದಳು.

ಮನೆ ಬೆಚ್ಚಗಿಡುವ ಹೀಟ್ಸುಂಗ್ ಬಿಸಿಯಾಗಲು ಇನ್ನೂ ತಿಂಗಳಿತ್ತು, ಬಿಸಿಲು ದಿನಕ್ಕೆ ಅರ್ಧ ಗಂಟೆ ಬಂದರೆ ಹೆಚ್ಚು. ಬಿಸಿಲು ಬಂದಾಗ ಬಾಲ್ಕನಿಗೆ, ಹನಿ ಬಿದ್ದರೆ ಒಳಗೆ ಎಂದು ಮೂವರೂ ಮೊರ ಹೊತ್ತು ಓಡಾಡಿದರು. ಕೊನೆಗೆ ಶಾಮಲಾ ಕೂದಲು ಒಣಗಿಸುವ ಯಂತ್ರ ಹಿಡಿದು ಕೂತಳು. ಸಾಲದ್ದಕ್ಕೆ ತಿರುಮಲೇಶ ಗಾಳಿಯ ವೇಗದ ಬಗ್ಗೆ ಸಲಹೆ ಕೊಟ್ಟ. ಮಂಗಳವಾರದ ಹೊತ್ತಿಗೆ ಮೊರ ಒಣಗಿ, ಬೆರಳಲ್ಲಿ ಬಡಿದರೆ ಡೋಲಿನಂತೆ ದನಿ ಕೊಟ್ಟಿತು. ವೈದೇಹಿ ಒಂದು ಹಿಡಿ ಅಕ್ಕಿ ಹಾಕಿ ಕೇರಿದಳು. ಒಂದು ಕಾಳೂ ಕೆಳಗೆ ಬೀಳಲಿಲ್ಲ. ಮನೆಯಲ್ಲೆಲ್ಲ ಮೆಂತ್ಯದ ವಾಸನೆ.

ಆದರೆ ಮೊರ ಒಂದೇ. ತೆಗೆದುಕೊಂಡದ್ದು ಜೋಡಿ.

ಅವಳು ಬೀರುವಿನ ಹತ್ತಿರ ಸ್ಟೂಲು ಹಾಕಿದಳು. ತಿರುಮಲೇಶ ಬಂದು ಸ್ಟೂಲು ಹಿಡಿದುಕೊಂಡ. "ವೈದೇಹಿ, ಅದು ಅಮ್ಮನದು," ಎಂದ ಮೆಲ್ಲಗೆ.

"ಅದಕ್ಕೇ." ಗಂಟು ಬಿಚ್ಚಿ ಒಂದು ಮೊರ ತೆಗೆದಳು. ಅರಿಸಿನದ ಕಲೆ ಅಂಚಿನಲ್ಲಿ ಇನ್ನೂ ಇತ್ತು. ಅದನ್ನು ಮೂಗಿನ ಹತ್ತಿರ ಹಿಡಿದು, ಆಮೇಲೆ ಕಣ್ಣಿಗೊತ್ತಿಕೊಂಡಳು. "ಅವಳ ಅವ್ವ ನೇಯ್ದದ್ದಕ್ಕೆ ಅಂಗಡೀದು ಸಮ ಆಗಲ್ಲ. ಅಮ್ಮ ಕೊಟ್ಟದ್ದು ಒಂದಾದರೂ ಹೋಗಬೇಕು. ಒಂದು ನನ್ನ ಹತ್ತಿರ ಇರತ್ತೆ. ಇಷ್ಟು ವರ್ಷ ಸೀರೆ ಸುತ್ತಿಕೊಂಡು ಮಲಗಿತ್ತು, ಪಾಪ. ಅಲ್ಲಿ ದಿನಾ ಕೆಲಸ ಸಿಗತ್ತೆ ಅದಕ್ಕೆ."

ಹೇಳಿ ಮುಗಿಸುವಾಗ ಅವಳ ಮುಖದಲ್ಲಿ ಒಂದು ನೆಮ್ಮದಿ ಕಂಡಿತು. ಸ್ಟೂಲಿನಿಂದ ಇಳಿದು, ಸೀರೆಯಲ್ಲಿ ಉಳಿದ ಒಂದನ್ನು ಮತ್ತೆ ಸುತ್ತಲಿಲ್ಲ. ಅಡಿಗೆಮನೆಯ ಮೊಳೆಗೆ ನೇತುಹಾಕಿದಳು.

ಬುಧವಾರ ಮುಂಜಾನೆ ಎಲ್ಲರೂ ಎದ್ದು ಎಣ್ಣೆನೀರು ಹಾಕಿಕೊಂಡರು. ಮಣ್ಣು ಸಿಗದ ಊರಿನಲ್ಲಿ ಅರಿಸಿನದ ಗೌರಿ. ಪೂಜೆ ಮುಗಿಸಿ, ಗೌರಿಯ ಮುಂದೆ ಕೈ ಮುಗಿದು, ವೈದೇಹಿ ನೀರು ಕರೆಯುವ ಶ್ಲೋಕ ಹೇಳಿದಳು; ಎಂಟನೆಯ ಹೆಸರು ಈಗಲೂ ಬಿಡಲಿಲ್ಲ.

ಸ್ಟೇಷನ್ನಿನಲ್ಲಿ ಕಲೋನ್ ಕಡೆಯ ರೈಲು ನಿಂತಿತ್ತು. ಮುಬಿತಾ ಪೆಟ್ಟಿಗೆಯನ್ನು ಒಳಗಿಟ್ಟು ಕೆಳಗಿಳಿದು ಬಂದು, ತಿರುಮಲೇಶನ ಕೈ ಹಿಡಿದು ಕುಲುಕಿದ. ನಮುಕೋಲೋ ಮಕ್ಕಳಿಗೆ ಎಂದು ಶಾಮಲಾ ಬಣ್ಣದ ಪೆನ್ಸಿಲ್ಲುಗಳ ಡಬ್ಬಿ ಕೊಟ್ಟಳು.

ವೈದೇಹಿ ಚೀಲದಿಂದ ಮೊರಗಳನ್ನು ತೆಗೆದಳು. ಬಾಗಿನವಾಗಿದ್ದರೆ ಅರಿಸಿನ ಕುಂಕುಮ, ಬಳೆ, ಮೇಲೊಂದು ಮುಚ್ಚಿದ ಮೊರ, ಹಿಡಿದ ಸೆರಗು ಎಲ್ಲ ಇರಬೇಕಿತ್ತು. ಇದು ಬಾಗಿನವಲ್ಲ. ಪಕ್ಕದ ಮನೆಯಿಂದ ತಂದದ್ದನ್ನು ಒಯ್ದು ಕೊಡುವ ಹಾಗೆ, ಒಂದರೊಳಗೊಂದು ಇಟ್ಟಿದ್ದಳು. ಬರಿದಾಗಿ ಕೊಡಬಾರದೆಂದು ನಡುವೆ ಒಂದು ಹಿಡಿ ಅಕ್ಕಿಯ ಪೊಟ್ಟಣ ಮಾತ್ರ.

"ನಮುಕೋಲೋಗೆ ಕೊಡು. ತಡ ಆಯ್ತು ಅಂತ ಹೇಳು," ಎಂದಳು.

ಮುಬಿತಾ ಮೇಲಿನ ಮೊರವನ್ನು ನೋಡಿದ, ಅಂಚಿನ ಅರಿಸಿನದ ಕಲೆಯ ಮೇಲೆ ಹೆಬ್ಬೆರಳು ಆಡಿಸಿದ. "ಇದು ಯಾರು ನೇಯ್ದದ್ದು, ಮೇಡಂ?"

"ಗೊತ್ತಿಲ್ಲ. ನನ್ನ ಅಮ್ಮ ಕೊಟ್ಟದ್ದು."

ಅವನು ಕೈಯಲ್ಲಿದ್ದ ಟೋಪಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಎರಡೂ ಕೈ ಚಾಚಿದ. ವೈದೇಹಿ ಎರಡೂ ಕೈಯಲ್ಲಿ ಹಿಡಿದು, ನಮುಕೋಲೋ ಬಗ್ಗಿದಷ್ಟೇ ಮಂಡಿ ಬಗ್ಗಿಸಿ, ಮೊರಗಳನ್ನು ಅವನ ಕೈಗಿಟ್ಟಳು.